ಐದನೇ ಪ್ರಶ್ನೆ

ಅರ್ಜಿಯಕ್ಕ ಕೂತಿದ್ದನ್ನು ನೋಡಿದವರು ಕಡಿಮೆ. ಪಾಠ ಮಾಡುವುದು ನಡೆದಾಡಿಕೊಂಡು, ಟೀ ಕುಡಿಯುವುದು ಕಿಟಕಿಗೆ ಒರಗಿಕೊಂಡು, ಊಟವನ್ನೂ ಅರ್ಧ ನಿಂತೇ ಮುಗಿಸುವ ಹೆಂಗಸು. "ಈ ಮನೇಲಿ ಎರಡನೇ ಕುರ್ಚಿ ತಂದಿದ್ದೇ ದಂಡ" ಎಂದು ಗಂಡ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದ. ಹದಿನೆಂಟು ವರ್ಷ ನೂಲಿನ ಗಿರಣಿಯಲ್ಲಿ ದಿನಕ್ಕೆ ಎಂಟು ಗಂಟೆ ನಿಂತು, ಹರಿದ ಎಳೆಗೆ ಗಂಟು ಹಾಕಿದ ಕಾಲುಗಳು ಅವು. ಗಿರಣಿ ಮುಚ್ಚಿ ಕಾಲವಾಗಿತ್ತು, ಆದರೆ ಕಾಲುಗಳಿಗೆ ಆ ಸುದ್ದಿಯನ್ನು ಯಾರೂ ಮುಟ್ಟಿಸಿರಲಿಲ್ಲ.

ಆ ಹೆಸರು ಬಂದದ್ದೂ ಗಿರಣಿಯಲ್ಲೇ. ಕಕ್ಕಸಿಗೆ ಬಾಗಿಲಿಲ್ಲ ಎನ್ನುವುದರಿಂದ ಹಿಡಿದು ಹೆರಿಗೆ ರಜೆಯ ತನಕ ಏನು ಕೇಳಬೇಕಾದರೂ ಅರ್ಜಿ ಬರೆಯುವವಳು ಅವಳು. ಅವಳ ಅರ್ಜಿಗೊಂದು ಪದ್ಧತಿಯಿತ್ತು. ಸಹಿಗಳು ಸಾಲಾಗಿ ಇರುತ್ತಿರಲಿಲ್ಲ, ಹಾಳೆಯ ತಳದಲ್ಲಿ ಬಳೆಯ ಹಾಗೆ ದುಂಡಗೆ ಇರುತ್ತಿದ್ದವು. ಮೊದಲು ಸಹಿ ಹಾಕಿದವರು ಯಾರೆಂದು ಮೇಲಿನವರಿಗೆ ಗೊತ್ತಾಗಬಾರದು. ಇನ್ನು ಅರ್ಜಿಯೊಳಗೆ ನಮ್ಮವರ ತಪ್ಪು ಒಂದಕ್ಷರವೂ ಇರಕೂಡದು. ಯಂತ್ರ ಕೆಟ್ಟ ಹೊತ್ತಿಗೆ ಕೆಲಸದವಳು ತೂಕಡಿಸುತ್ತಿದ್ದದ್ದು ನಿಜವೇ ಆಗಿರಲಿ, ಅದು ನಮ್ಮ ಹೊಟ್ಟೆಯೊಳಗೆ ಇರಬೇಕಾದ ಮಾತು. "ಹೊಡೆಯೋನ ಕೈಗೆ ನಾವೇ ಕೋಲು ಕಡಿದುಕೊಡೋದಾ?" ಎಂದು ಕೇಳುತ್ತಿದ್ದಳು. ಮೂರು ಮುಷ್ಕರ ಹಾಗೇ ನಡೆದವು. ಎರಡನ್ನು ಗೆದ್ದರು. ಮೂರನೆಯದಕ್ಕೆ ಗಿರಣಿಯೇ ಬಾಗಿಲು ಹಾಕಿಕೊಂಡಿತು.

ಮೂವತ್ತೆಂಟನೇ ವಯಸ್ಸಿಗೆ ಮನೆಯಲ್ಲೇ ಓದಿ ಪರೀಕ್ಷೆ ಕಟ್ಟಿದಳು, ಒಂದಾದ ಮೇಲೊಂದು. ಕೊನೆಗೆ ಕಸುಬು ಶಾಲೆಯಲ್ಲಿ ಬರವಣಿಗೆ ಕಲಿಸುವ ಕೆಲಸ ಸಿಕ್ಕಿತು. ಕೊಡಿಸಿದವನು ವರ್ಕ್‌ಶಾಪ್ ಅಣ್ಣ. ಗಿರಣಿಯಲ್ಲಿ ಫಿಟ್ಟರ್ ಆಗಿದ್ದವನು, ಎರಡನೇ ಮುಷ್ಕರದಲ್ಲಿ ಅವಳ ಪಕ್ಕದಲ್ಲಿ ಹನ್ನೊಂದು ದಿನ ಗೇಟಿನ ಮುಂದೆ ಕೂತವನು, ಈಗ ಅದೇ ಶಾಲೆಯಲ್ಲಿ ಯಂತ್ರದ ಕೆಲಸ ಕಲಿಸುವ ಮೇಷ್ಟ್ರು. "ಇವಳಿಗೆ ಬರೆಯೋಕೆ ಬರುತ್ತೆ, ಬೈಯೋಕೂ ಬರುತ್ತೆ. ಎರಡೂ ಹುಡುಗರಿಗೆ ಬೇಕು" ಎಂದು ಪ್ರಿನ್ಸಿಪಾಲರಿಗೆ ಶಿಫಾರಸು ಮಾಡಿದ್ದ.

ಅಲ್ಲಿ ಕಲಿತು ಹೊರಬಿದ್ದ ಮಕ್ಕಳು ಕೆಲಸ ಮಾಡುವುದು ಪರದೇಶದ ಯಂತ್ರಗಳ ಮೇಲೆ. ಯಂತ್ರ ಕೆಟ್ಟರೆ ಅದನ್ನು ಮಾಡಿದವರಿಗೇ ಬರೆದು ಕೇಳಬೇಕು. ಬರೆಯುವ ಭಾಷೆ ಇವರದ್ದೂ ಅಲ್ಲ, ಅವರದ್ದೂ ಅಲ್ಲ. ಎರಡೂ ಕಡೆಯವರು ಹಾಕಿಕೊಂಡದ್ದು ಎರವಲು ಅಂಗಿ. ಅಂಗಿಯ ಗುಂಡಿ ಹಾಕುವುದನ್ನು, ಅಂದರೆ ವ್ಯಾಕರಣವನ್ನು, ಬೇರೆ ಮೇಷ್ಟ್ರು ಕಲಿಸಿದ್ದರು. ಅಂಗಿಯೊಳಗಿನ ಮನುಷ್ಯ ಇನ್ನೊಬ್ಬನ ಮುಂದೆ ಹೇಗೆ ನಿಲ್ಲಬೇಕು, ಅವನ ಊರಿನ ರೀತಿಗೆ ನಮ್ಮ ಮಾತು ಹೇಗೆ ಕೇಳಿಸುತ್ತದೆ ಎನ್ನುವುದು ಅರ್ಜಿಯಕ್ಕನ ಪಾಲಿಗೆ ಬಂದಿತ್ತು. ಹೋದ ಚಳಿಗಾಲದವರೆಗೆ ತನಗದು ಬರುತ್ತದೆ ಎಂದೇ ಅವಳು ತಿಳಿದಿದ್ದಳು.

ಆ ಚಳಿಗಾಲದಲ್ಲಿ ಎಡಚಿಯ ಬೆರಳು ಜಜ್ಜಿತು.

ಎಡಚಿ ಅಂದರೆ ಎರಡನೇ ವರ್ಷದ ಹುಡುಗಿ. ಎಲ್ಲ ಕೆಲಸಕ್ಕೂ ಎಡಗೈ ಮುಂದೆ ಬರುತ್ತಿದ್ದದ್ದರಿಂದ ತರಗತಿ ಇಟ್ಟ ಹೆಸರು. ಕರೆದರೆ ಓ ಎನ್ನುತ್ತಿದ್ದಳು. ತಗಡನ್ನು ಬಟ್ಟಲಿನ ಆಕಾರಕ್ಕೆ ಒತ್ತುವ ಪ್ರೆಸ್ಸಿನಲ್ಲಿ ಅವಳಷ್ಟು ಚುರುಕಾಗಿ ಕೆಲಸ ಮಾಡುವವರು ಇರಲಿಲ್ಲ. ಆ ಪ್ರೆಸ್ಸಿನ ಬಾಯಿಯ ಎರಡು ಬದಿಗೂ ಒಂದೊಂದು ಕಂಬ, ಕಂಬಗಳ ನಡುವೆ ಕಣ್ಣಿಗೆ ಕಾಣದ ಬೆಳಕಿನ ಪರದೆ. ಕೈ ಆ ಪರದೆಗೆ ಅಡ್ಡ ಬಂದರೆ ಮೇಲಿಂದ ಇಳಿಯುವ ಕಬ್ಬಿಣದ ದಿಮ್ಮಿ ಅಲ್ಲೇ ನಿಲ್ಲಬೇಕು. ಆ ದಿನ ನಿಲ್ಲಲಿಲ್ಲ. ಎಡಗೈಯ ನಡುಬೆರಳಿನ ಉಗುರು ಹೋಯಿತು, ತುದಿ ಚಪ್ಪಟೆಯಾಯಿತು. ಅವಳು ಕೈ ಎಳೆದುಕೊಂಡ ಜೋರಿಗೆ ಉಳಿದ ಬೆರಳು ಉಳಿದವು.

ಪ್ರಿನ್ಸಿಪಾಲರು ಬಂದು ಯಂತ್ರ ಓಡಿಸಿ ನೋಡಿದರು, ಮುಂದಿನಿಂದ ಕೋಲು ತೂರಿಸಿದರು. ದಿಮ್ಮಿ ಪ್ರತಿಸಲವೂ ನಿಂತಿತು. "ಯಂತ್ರ ಸರಿಯಾಗಿದೆ. ಹುಡುಗಿ ಕೈಯೇ ಸರಿಯಿಲ್ಲ" ಎಂದರು. ಅಪಘಾತದ ಪುಸ್ತಕದಲ್ಲಿ 'ಕಾರಣ: ಎಡಗೈ ಬಳಕೆ' ಎಂದು ಬರೆಸಿದರು. ಎಡಚಿ ಇನ್ನು ಪ್ರೆಸ್ ಮುಟ್ಟಕೂಡದು. ಪ್ರೆಸ್ ಮುಟ್ಟದವಳು ಕೊನೆಯ ಪರೀಕ್ಷೆಗೆ ಕೂರುವಂತಿಲ್ಲ, ಪರೀಕ್ಷೆಯಿಲ್ಲದೆ ಪ್ರಮಾಣಪತ್ರವಿಲ್ಲ. ಪರೀಕ್ಷೆಗೆ ಉಳಿದದ್ದು ಇಪ್ಪತ್ತಾರು ದಿನ.

ಅರ್ಜಿಯಕ್ಕ ಮೇಜಿನ ಮುಂದೆ ನಿಂತು ಗುದ್ದಾಡಿದಳು. ಪ್ರಿನ್ಸಿಪಾಲರು ಕೆಟ್ಟವರೇನಲ್ಲ, ತಮ್ಮ ತಲೆ ಉಳಿಸಿಕೊಳ್ಳುವವರು. "ನೋಡಿಮ್ಮ, ಯಂತ್ರ ಮಾಡಿದ ಕಂಪನಿಯವರು ಬರೆದು ಕೊಡಲಿ, ಹುಡುಗೀದು ತಪ್ಪಿಲ್ಲ ಅಂತ. ಆ ಕ್ಷಣ ಅವಳನ್ನ ಪ್ರೆಸ್ ಮುಂದೆ ನಿಲ್ಲಿಸ್ತೀನಿ" ಎಂದರು.

"ಬರೆಸ್ತೀನಿ."

"ಬರೆಸಿ."

ವರ್ಕ್‌ಶಾಪ್ ಅಣ್ಣ ಬಾಗಿಲ ಹೊರಗೇ ನಿಂತಿದ್ದ. "ಬಿಡಬೇಡ ಆ ಕಂಪನಿಯೋರನ್ನ" ಎಂದ. ಹೇಳುತ್ತ ಅಂಗೈಯ ಗ್ರೀಸನ್ನು ಒರೆಸಿದ ಜಾಗದಲ್ಲೇ ಮತ್ತೆ ಮತ್ತೆ ಒರೆಸುತ್ತಿದ್ದ. ಹುಡುಗಿಯ ಸಂಕಟಕ್ಕೆ ಎಂದುಕೊಂಡಳು.

ಮೊದಲ ಕಾಗದವನ್ನು ತರಗತಿಯೇ ಬರೆಯಲಿ ಎಂದು ಬಿಟ್ಟಳು, ಅಭ್ಯಾಸವಾಗಲಿ ಎಂದು. ಅದೇ ಎಡವಟ್ಟಾಯಿತು. ಬಡಬಡಿ ಎಂದು ಕರೆಸಿಕೊಳ್ಳುವ ಹುಡುಗ ಮುಂದೆ ನಿಂತು ಬರೆಸಿದ್ದ. ಒಂದೂವರೆ ಪುಟ. ತಾವು ಕ್ಷೇಮವೇ, ತಮ್ಮ ಮನೆಯವರೆಲ್ಲ ಕ್ಷೇಮವೇ, ತಮ್ಮ ಯಂತ್ರ ನಮ್ಮ ಶಾಲೆಗೆ ಬಂದದ್ದು ನಮ್ಮ ಭಾಗ್ಯ, ಅದರ ಬಲ ಎಂಥದು, ಅದರ ಸದ್ದು ಎಷ್ಟು ಹಿತ. ಕೊನೆಯ ಮೂರು ಸಾಲಿನಲ್ಲಿ, 'ತಮಗೆ ತೊಂದರೆ ಕೊಡುವ ಇಚ್ಛೆಯಿಲ್ಲ, ಒಂದು ಸಣ್ಣ ವಿಷಯ' ಎಂದು ಶುರುವಾಗಿ, ಬೆಳಕಿನ ಪರದೆ ಒಮ್ಮೊಮ್ಮೆ ವಿಶ್ರಾಂತಿ ಪಡೆಯುತ್ತದೇನೋ ಎಂಬ ಅನುಮಾನ. ಬೆರಳಿನ ಸುದ್ದಿಯೇ ಇಲ್ಲ.

ನಾಲ್ಕೇ ದಿನದಲ್ಲಿ ಉತ್ತರ ಬಂತು. ತಮ್ಮ ಮೆಚ್ಚುಗೆಗೆ ಧನ್ಯವಾದ. ಸದ್ದು ಹಿತವಾಗಿದೆ ಎಂಬ ಸಾಲನ್ನು ನಮ್ಮ ಮುಂದಿನ ಮಾರಾಟದ ಪುಸ್ತಿಕೆಯಲ್ಲಿ ಹಾಕಿಕೊಳ್ಳಬಹುದೇ?

ತರಗತಿ ಚಪ್ಪಾಳೆ ಹೊಡೆಯಿತು. ಹೊಡೆದು ಮುಗಿದ ಮೇಲೆ ಹಿಂದಿನ ಬೆಂಚಿನಿಂದ ಎಡಚಿ, ಬ್ಯಾಂಡೇಜಿನ ಕೈ ಮೇಲಿಟ್ಟುಕೊಂಡೇ, "ನನ್ನ ಬೆರಳಿನ ಚಿತ್ರಾನೂ ಹಾಕ್ತಾರಂತಾ?" ಎಂದು ಕೇಳಿದಳು.

"ಮೇಡಂ, ಏಕಾಏಕಿ ನಿಮ್ಮ ಯಂತ್ರ ಕೆಟ್ಟಿದೆ ಅನ್ನೋದು ಹೇಗೆ?" ಬಡಬಡಿಯ ಕಿವಿ ಕೆಂಪಾಗಿತ್ತು. "ಯಾರದ್ದಾದ್ರೂ ಮನೆಗೆ ಹೋದ ತಕ್ಷಣ ನಿಮ್ಮ ಮಗ ಕಳ್ಳ ಅಂತೀವಾ? ಕೂತು, ನಾಲ್ಕು ಮಾತಾಡಿ, ಆಮೇಲೆ..."

"ನೀನು ಮನೆಗೆ ಹೋಗಿಲ್ಲ ಕಣೋ. ಅಲ್ಲಿ ಒಬ್ಬ ಮೇಜಿನ ಹತ್ತಿರ ನಿಂತ್ಕೊಂಡು ದಿನಕ್ಕೆ ಇನ್ನೂರು ಕಾಗದ ಓದ್ತಾನೆ. ಮೊದಲ ನಾಲ್ಕು ಸಾಲು ಓದಿ ಯಾವ ಗೂಡಿಗೆ ಹಾಕಬೇಕೋ ಅದಕ್ಕೆ ಹಾಕ್ತಾನೆ. ನಿನ್ನದು ಹೊಗಳಿಕೆ ಗೂಡಿಗೆ ಬಿತ್ತು."

ಹಾಗೆಂದವಳು ಮನೆಗೆ ಹೋಗಿ ತಾನೇ ಒಂದು ಕರಡು ಬರೆದಳು. ಬಸ್ ಡಿಪೋದಲ್ಲಿ ಟೈಂಕೀಪರ್ ಆಗಿ ನಿವೃತ್ತನಾದ ಗಂಡನಿಗೆ ಓದಿಹೇಳಿದಳು, ಅಡುಗೆಮನೆಯಿಂದ ನಡುಮನೆಗೂ ನಡುಮನೆಯಿಂದ ಅಡುಗೆಮನೆಗೂ ಓಡಾಡುತ್ತ. ಲಾಭಕ್ಕಾಗಿ ಮಕ್ಕಳ ರಕ್ತ, ದುಡಿಯುವ ಕೈಗಳ ಪ್ರಶ್ನೆ, ಇಪ್ಪತ್ನಾಲ್ಕು ಗಂಟೆಯೊಳಗೆ ಉತ್ತರ.

ಗಂಡ ಸೊಪ್ಪು ಬಿಡಿಸುತ್ತಿದ್ದ. "ಇದು ಕಾಗದವೋ, ಮೆರವಣಿಗೆಯೋ?" ಎಂದ.

"ಯಾಕೆ, ಏನಾಗಿದೆ ಇದಕ್ಕೆ?"

"ಎಷ್ಟು ಗಂಟೆಗೆ ಆಯ್ತು ಅಂತ ಇಲ್ಲ. ಎಷ್ಟನೇ ತಗಡು ಅಂತ ಇಲ್ಲ. ನಮ್ಮ ಡಿಪೋದಲ್ಲಿ ಡ್ರೈವರು ಬಂದು 'ಬ್ರೇಕ್ ಇಲ್ಲ, ಇದು ಅನ್ಯಾಯ' ಅಂದ್ರೆ ಮೆಕ್ಯಾನಿಕ್ ಏನ್ ಮಾಡ್ತಾನೆ? ಅನ್ಯಾಯಕ್ಕೆ ಗ್ರೀಸ್ ಹಚ್ತಾನಾ?"

ಅವಳಿಗೆ ಮೈ ಉರಿಯಿತು, ಯಾಕೆಂದರೆ ಸರಿಯಾಗಿತ್ತು. ಹಾಳೆ ಮುದುರಿ ಎಸೆದಳು.

ಎರಡನೇ ಕಾಗದ ತರಗತಿಯಲ್ಲಿ ಮೂರು ದಿನ ಬೆಂದಿತು. ಕ್ಷೇಮಸಮಾಚಾರ ತೆಗೆದರು, ಯಂತ್ರದ ನಂಬರ್ ಮೊದಲು ಬಂತು. ಬೆಳಗ್ಗೆ ಹನ್ನೊಂದು ಹತ್ತಕ್ಕೆ, ನಲವತ್ತೊಂದನೇ ತಗಡಿಗೆ, ಪೆಡಲ್ ತುಳಿದ ಮೇಲೆ, ಪರದೆ ಇದ್ದೂ ದಿಮ್ಮಿ ನಿಲ್ಲಲಿಲ್ಲ, ವಿದ್ಯಾರ್ಥಿನಿಯೊಬ್ಬಳ ನಡುಬೆರಳು ಜಜ್ಜಿತು. ಬಡಬಡಿ ಬೋರ್ಡಿನ ಮೇಲೆ 'ಎಡ' ಎಂಬಷ್ಟು ಬರೆದದ್ದೇ ತಡ, ಇಡೀ ತರಗತಿ ಎದ್ದು ಕೂತಿತು.

"ಎಡಗೈ ಅಂತ ಯಾಕೋ ಬರೀತೀಯ? ಪ್ರಿನ್ಸಿಪಾಲ್ ಹೇಳಿದ್ದನ್ನೇ ಅವರೂ ಹೇಳಲಿ ಅಂತಾನಾ?"

"ಅಳಿಸೋ, ಅಳಿಸು!"

ಅರ್ಜಿಯಕ್ಕನಿಗೆ ಎದೆ ತುಂಬಿತು. ಹೇಳಿಕೊಡದೆಯೇ ಕಲಿತುಬಿಟ್ಟಿವೆ ಎಂದುಕೊಂಡಳು. ತಾನೇ ಡಸ್ಟರ್ ತೆಗೆದುಕೊಂಡು ಅದನ್ನು ಒರೆಸಿದಳು.  ಎಡಚಿಯನ್ನು ಕೇಳಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ಮೂವತ್ತನಾಲ್ಕು ಜನ ಹಾಳೆಯ ತಳದಲ್ಲಿ ದುಂಡಗೆ ಸಹಿ ಮಾಡಿದರು. ಅದರ ಫೋಟೋ ಆಫೀಸಿನ ಕಂಪ್ಯೂಟರಿನಿಂದ ಹೋಯಿತು.

ಆಮೇಲೆ ಕಾಯುವುದು. ಅರ್ಜಿಯಕ್ಕನಿಗೆ ಈ ಲೋಕದಲ್ಲಿ ಬಾರದ ಕೆಲಸವೆಂದರೆ ಅದೊಂದೇ. ದಿನಕ್ಕೆ ಆರು ಸಲ ಆಫೀಸಿಗೆ ಹೋಗಿ ಇಣುಕಿದಳು. ಗುಮಾಸ್ತೆ ಮೊದಮೊದಲು "ಇನ್ನೂ ಇಲ್ಲ ಮೇಡಂ" ಎನ್ನುತ್ತಿದ್ದವಳು ಆಮೇಲೆ ಬರಿ ತಲೆ ಅಲ್ಲಾಡಿಸಿದಳು, ಆಮೇಲೆ ಅದನ್ನೂ ಬಿಟ್ಟಳು. ವರಾಂಡದ ಆ ತುದಿಯಿಂದ ಈ ತುದಿಗೆ ಅರವತ್ತೆರಡು ಹೆಜ್ಜೆ ಎಂದು ಅರ್ಜಿಯಕ್ಕನಿಗೆ ಗೊತ್ತಾಯಿತು. ಮನೆಯಲ್ಲಿ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಪರೀಕ್ಷೆಗೆ ಹನ್ನೊಂದು ದಿನ ಇದ್ದಾಗ ಉತ್ತರ ಬಂತು.

ಈ ಸಲ ಬರೆದವಳು ತಪಾಸಣೆ ವಿಭಾಗದ ಒಬ್ಬ ಹೆಂಗಸು. ನಮಸ್ಕಾರವಿಲ್ಲ, ಕ್ಷೇಮವಿಲ್ಲ. 'ನಿಮ್ಮ ಯಂತ್ರದ ಮಾದರಿಯದನ್ನೇ ಇಟ್ಟುಕೊಂಡು ಇಂದು ಬೆಳಗ್ಗೆ ಅರವತ್ತು ತಗಡು ಒತ್ತಿದೆ. ಮರದ ಕೋಲು ಅಡ್ಡ ಹಿಡಿದಾಗಲೆಲ್ಲ ಪರದೆ ನಿಲ್ಲಿಸಿತು. ನೀವು ಬರೆದದ್ದು ಸಾಲದು. ಕೆಳಗಿನವಕ್ಕೆ ಉತ್ತರಿಸಿ.' ತಗಡಿನ ದಪ್ಪ ಎಷ್ಟು ಎನ್ನುವುದು ಮೊದಲ ಪ್ರಶ್ನೆ, ಎರಡನೆಯದೂ ಮೂರನೆಯದೂ ಪೆಡಲಿನ ಬಗ್ಗೆ. ನಾಲ್ಕನೆಯದು: ಜಜ್ಜಿದ್ದು ಯಾವ ಕೈ, ಎಲ್ಲಿಂದ ಒಳಗೆ ಹೋಯಿತು? ಐದನೆಯದು: ಎಡಬದಿಯ ಕಬ್ಬಿಣದ ಪ್ಲೇಟು ಅದರ ಜಾಗದಲ್ಲಿ ಇದೆಯೇ?

"ಎಂಥ ಒರಟು ಹೆಂಗಸು ಮೇಡಂ! ಒಂದು 'ಪಾಪ' ಕೂಡ ಇಲ್ಲ," ಎಂದ ಬಡಬಡಿ.

"ನಿನ್ನ ಕಾಗದ ಓದಿ ಒಂದು ಬೆಳಗ್ಗೆ ಪೂರ್ತಿ ನಿಂತು ಅರವತ್ತು ತಗಡು ಒತ್ತಿದ್ದಾಳೆ ಕಣೋ. ಅದಕ್ಕಿಂತ ನಿನಗೆ ಇನ್ನೇನು ನಮಸ್ಕಾರ ಬೇಕು? ಅವರಲ್ಲಿ ಮರ್ಯಾದೆ ಅಂದ್ರೆ ಅದು." ಹೇಳಿದ್ದು ಗಟ್ಟಿಯಾಗಿಯೇ, ಆದರೆ ಅವಳ ಕಣ್ಣು ಕೊನೆಯ ಸಾಲಿನ ಮೇಲೆ ನೆಟ್ಟಿತ್ತು. ಎಡಬದಿಯಲ್ಲಿ ಪ್ಲೇಟು? ಹಾಗೊಂದು ಇರಬೇಕೆಂದೇ ಅವಳಿಗೆ ಗೊತ್ತಿರಲಿಲ್ಲ.

ಊಟದ ಬಿಡುವಿನಲ್ಲಿ ವರ್ಕ್‌ಶಾಪಿಗೆ ಹೋದಳು. ಯಾರೂ ಇರಲಿಲ್ಲ. ಪ್ರೆಸ್ಸಿನ ಬಲಬದಿಗೆ ಸ್ವಿಚ್ಚುಗಳ ಡಬ್ಬ, ಅಲ್ಲಿಂದ ಕೈ ತೂರುವಂತಿಲ್ಲ. ಎಡಬದಿಗೆ ಕಂಬ, ಕಂಬದ ಹಿಂದೆ, ಯಂತ್ರದ ಮೈಗೂ ಕಂಬಕ್ಕೂ ನಡುವೆ, ತೆರೆದ ಸಂದು. ಎಡಗೈ ಚಾಚಿದಳು. ಪರದೆಯ ತಂಟೆಗೇ ಹೋಗದೆ ಕೈ ಸೀದಾ ಬಾಯೊಳಗೆ ಹೋಯಿತು. ಎಡಗೈಯವರಿಗೆ ಒತ್ತಿದ ಬಟ್ಟಲು ತೆಗೆಯಲು ಅದೇ ಹತ್ತಿರದ ದಾರಿ. ಸಂದಿನ ಅಂಚಿನಲ್ಲಿ ನಾಲ್ಕು ಬೋಲ್ಟಿನ ತೂತುಗಳಿದ್ದವು, ಖಾಲಿ.

ತಲೆಯೆತ್ತಿದರೆ ಎದುರು ಗೋಡೆಯ ಮೇಲೆ ಕರಿಹಲಗೆ. ಅಣ್ಣ ದಿನದ ಕೆಲಸವನ್ನೂ ಯಾರು ಯಾವ ಯಂತ್ರಕ್ಕೆ ಎನ್ನುವುದನ್ನೂ ಸುಣ್ಣದ ಕಡ್ಡಿಯಲ್ಲಿ ಬರೆಯುವ ಹಲಗೆ, ಶಾಲೆಗೆ ಶಾಲೆಯೇ ದಿನಾ ಓದುವಂಥದು. ಮರದ್ದಲ್ಲ. ಕಪ್ಪು ಬಳಿದ ಕಬ್ಬಿಣ. ನಾಲ್ಕು ಮೂಲೆಗೆ ನಾಲ್ಕು ತೂತು.

ಅಣ್ಣ ಟೀ ಲೋಟ ಹಿಡಿದು ಒಳಗೆ ಬಂದ. ಅವಳು ನಿಂತ ಜಾಗ ನೋಡಿ ಲೋಟವನ್ನು ಮೆಲ್ಲಗೆ ಕೆಳಗಿಟ್ಟ.

"ಎಡಬದಿಯ ಪ್ಲೇಟು ಇದೆಯಾ ಅಂತ ಐದನೇ ಪ್ರಶ್ನೆಯಲ್ಲಿ ಕೇಳಿದ್ದಾರೆ. ಯಾವಾಗ ಬಿಚ್ಚಿದೆ?"

"ಹೋದ ವರ್ಷ." ಅವನು ಸುಳ್ಳು ಹೇಳಲು ಹೋಗಲಿಲ್ಲ. "ಮೂವತ್ತನಾಲ್ಕು ಜನಕ್ಕೆ ಒಂದೇ ಯಂತ್ರ ಕಣಮ್ಮ. ಮುಂದೆ ನಿಂತ ನಾಲ್ಕು ಜನಕ್ಕೆ ಬಿಟ್ರೆ ಯಾರಿಗೂ ಒಳಗೆ ಏನಾಗುತ್ತೆ ಅಂತ ಕಾಣ್ತಿರಲಿಲ್ಲ. ಪಕ್ಕದ್ದು ಬಿಚ್ಚಿದ್ರೆ ಇನ್ನು ಹತ್ತು ಜನಕ್ಕೆ ಕಾಣುತ್ತೆ. ಆಮೇಲೆ ಹಾಕೋಣ ಅಂದ್ಕೊಂಡೆ. ಬರೆಯೋಕೆ ಹಲಗೆ ಬೇರೆ ಇರಲಿಲ್ಲ, ಅದಕ್ಕೇ ಕಪ್ಪು ಬಳಿದೆ."

"ಹುಡುಗಿ ಬೆರಳು ಹೋದಾಗ ಗೊತ್ತಿತ್ತಾ?"

"ಆ ಕ್ಷಣಾನೇ ಗೊತ್ತಾಯ್ತು."

"ಮತ್ತೆ ನನಗೆ ಬಿಡಬೇಡ ಕಂಪನಿಯೋರನ್ನ ಅಂದೆ!"

"ಕಂಪನಿಯೋರಿಗೆ ಏನಾಗುತ್ತೆ? ಅವರಿಗೆ ಇದೊಂದು ಸೊಳ್ಳೆ ಕಡಿತ. ನನಗೆ ನಿವೃತ್ತಿಗೆ ಎರಡು ವರ್ಷ ಇದೆ." ಅವನು ಬೆಂಚಿನ ಮೇಲೆ ಕೂತ. "ಪ್ಲೇಟನ್ನ ಇವತ್ತು ಸಂಜೇನೇ ಹಾಕ್ಬಿಡ್ತೀನಿ. ನೀನು ಐದನೆಯದಕ್ಕೆ 'ಇದೆ' ಅಂತ ಬರಿ. ಅದು ಸುಳ್ಳೂ ಆಗಲ್ಲ. ನೀನೇ ತಾನೇ ಹೇಳಿಕೊಟ್ಟಿದ್ದು, ನಮ್ಮವರ ತಪ್ಪು ಹಾಳೆ ಮೇಲೆ ಬರಬಾರದು ಅಂತ?"

ಅವಳು ಹೊರಗೆ ಬಂದಳು. ಹನ್ನೊಂದು ದಿನ ಗೇಟಿನ ಮುಂದೆ ಕೂತಾಗ ತನ್ನ ಚಾಪೆಯ ಅರ್ಧ ಕೊಟ್ಟವನು. ಅವಳಿಗೆ ಕೆಲಸ ಕೊಡಿಸಿದವನು. 'ಇದೆ' ಎಂದು ಬರೆದರೆ ಅಣ್ಣ ಉಳಿಯುತ್ತಾನೆ. ಆ ಹೆಂಗಸು ಮತ್ತೆ ಅರವತ್ತು ತಗಡು ಒತ್ತುತ್ತಾಳೆ, ಯಂತ್ರ ಸರಿಯಿದೆ ಎನ್ನುತ್ತಾಳೆ. ಹುಡುಗಿ ಮುಳುಗುತ್ತಾಳೆ.

ಆ ಸಂಜೆ ಅವಳು ಎರಡು ಸ್ಟಾಪು ಮೊದಲೇ ಬಸ್ಸಿಳಿದು ನಡೆದಳು. ಮನೆ ಬಂದರೂ ಒಳಗೆ ಹೋಗದೆ ಬೀದಿಯ ಕೊನೆಯವರೆಗೆ ಹೋಗಿ ತಿರುಗಿದಳು, ಮತ್ತೆ ಹೋದಳು. ಗಂಡ ಬಾಗಿಲಲ್ಲೇ ನಿಂತಿದ್ದ. "ಮೂರನೇ ಸಲ ಹಾಯ್ತಾ ಇದೀಯ. ಈ ರೂಟಲ್ಲಿ ನಮ್ಮ ಮನೆ ಸ್ಟಾಪ್ ಇಲ್ವಾ?"

ಎಲ್ಲ ಹೇಳಿದಳು. ಅವನು ಕೇಳಿಸಿಕೊಂಡ, ಮುಖ ಒರೆಸಿಕೊಂಡ. "ನನ್ನ ಕೇಳಿದ್ರೆ ನಾನೇನು ಹೇಳ್ಲಿ? ಅವನೂ ಬೇಕಾದವನೇ" ಎಂದ. ಯಾವತ್ತೂ ಒಂದು ಕೊಂಕು ಸೇರಿಸದೆ ಮಾತು ಮುಗಿಸದವನು ಅಷ್ಟಕ್ಕೇ ನಿಲ್ಲಿಸಿದ್ದು ಅವಳನ್ನು ಇನ್ನಷ್ಟು ಹಿಂಡಿತು.

ಮಾರನೇ ದಿನ ತರಗತಿಯಲ್ಲಿ ಉತ್ತರ ಬರೆಸಲು ನಿಂತಳು. ತಗಡಿನ ದಪ್ಪ ಹೇಳಿದಳು, ಪೆಡಲಿನದು ಹೇಳಿದಳು. ನಾಲ್ಕನೆಯದಕ್ಕೆ, "ಕೈ ಪಕ್ಕದಿಂದ ಹೋಯಿತು ಅಂತ ಬರೀರಿ, ಸಾಕು" ಎಂದಳು. ಆಮೇಲೆ ಪುಸ್ತಕ ಮುಚ್ಚಿದಳು.

"ಐದನೆಯದು ಮೇಡಂ?" ಎಡಚಿಯ ದನಿ.

"ಅದು... ಅದನ್ನ ಆಮೇಲೆ ನೋಡೋಣ."

"ಆಮೇಲೆ ಯಾವಾಗ? ಹತ್ತು ದಿನ ಇದೆ." ಹುಡುಗಿ ಎದ್ದು ನಿಂತಳು. "ಪ್ಲೇಟು ಎಲ್ಲಿದೆ ಅಂತ ನಮಗೆಲ್ಲ ಗೊತ್ತು. ನಿನ್ನೆ ಪ್ರಶ್ನೆ ಓದಿದ ಮೇಲೆ ನಾನು ಹೋಗಿ ಅಳೆದೆ. ತೂತಿಗೆ ತೂತು ಕೂರುತ್ತೆ. ಇವತ್ತು ಬೆಳಗ್ಗೆ ಬಂದ್ರೆ ಹಲಗೆ ಗೋಡೆ ಮೇಲಿಲ್ಲ, ಯಂತ್ರದ ಪಕ್ಕದಲ್ಲಿದೆ. ಅದರ ಮೇಲೆ ನಿನ್ನೆಯ ಕೆಲಸ ಇನ್ನೂ ಅರ್ಧ ಅಳಿಸದೆ ಕೂತಿದೆ."

ಯಾರೂ ನಗಲಿಲ್ಲ. 

"ಅಣ್ಣಂಗೆ ಕೆಲಸ ಹೋಗುತ್ತೆ ಕಣೇ" ಎಂದಳು ಅರ್ಜಿಯಕ್ಕ. ಮೇಡಂ ಆಗಿ ಹೇಳಲಿಲ್ಲ, ಬೇಡಿಕೊಂಡಂತೆ ಹೇಳಿದಳು.

"ನನಗೆ ಕೆಲಸ ಸಿಗೋದೇ ಇಲ್ಲ." ಹುಡುಗಿಯ ದನಿ ಏರಲಿಲ್ಲ. "ಇನ್ನೊಂದು ಹೇಳ್ತೀನಿ. ನನ್ನ ಎಡಗೈ ಮುಚ್ಚಿಟ್ಟಿದ್ದು ನೀವೆಲ್ಲ ಸೇರಿ. ನಾನು ಮುಚ್ಚಿ ಅಂದ್ನಾ? ಯಾರಾದ್ರೂ ಕೇಳಿದ್ರಾ? ಮುಚ್ಚಿದ ಮೇಲೇ ಅದು ತಪ್ಪು ಅಂತ ಆಗಿದ್ದು. ಮೊದಲ ದಿನವೇ ಎಡಗೈ ಅಂತ ಬರೆದಿದ್ರೆ ಆ ಹೆಂಗಸಿಗೆ ಮೊದಲ ದಿನವೇ ಗೊತ್ತಾಗ್ತಿತ್ತು. ಅವಳಿಗೆ ನನ್ನ ಮರ್ಯಾದೆ ಬೇಡ ಮೇಡಂ, ಕೈ ಎಲ್ಲಿಂದ ಹೋಯ್ತು ಅನ್ನೋದು ಬೇಕು."

ಅರ್ಜಿಯಕ್ಕ ಕಿಟಕಿಯ ಹತ್ತಿರ ಹೋದಳು, ತಿರುಗಿ ಬಂದಳು, ಮತ್ತೆ ಹೋದಳು. ಹದಿನೆಂಟು ವರ್ಷ ಬರೆದ ಅರ್ಜಿಗಳಲ್ಲಿ ಎಷ್ಟು ಹೆಂಗಸರನ್ನು ತಪ್ಪಿಲ್ಲದವರನ್ನಾಗಿ ಮಾಡಲು ಹೋಗಿ ಅವರ ಕೈಯನ್ನೂ ಕಾಲನ್ನೂ ಹಾಳೆಯಿಂದ ಒರೆಸಿಹಾಕಿದ್ದೆನೋ ಎಂಬ ಲೆಕ್ಕ ತಲೆಯೊಳಗೆ ಎದ್ದಿತು. ಅದನ್ನು ಅಲ್ಲೇ ಒದ್ದು ಕೂರಿಸಿದಳು. ಆಗಿನ ಶತ್ರು ಹುಡುಕುತ್ತಿದ್ದದ್ದು ಕೋಲು. ಈ ಹೆಂಗಸು ಹುಡುಕುತ್ತಿರುವುದು ತೂತು. ಇಬ್ಬರಿಗೂ ಒಂದೇ ಕಾಗದ ಬರೆಯಲಾಗದು. ಇಷ್ಟು ತಿಳಿಯಲು ಒಂದು ಬೆರಳು ಬೇಕಾಯಿತೇ ಎಂದು ತನ್ನ ಮೇಲೇ ಸಿಟ್ಟು ಬಂತು.

"ನೀನೇ ಬರಿ" ಎಂದಳು. "ನಾನು ಮುಟ್ಟಲ್ಲ. ಕಳಿಸೋಕೆ ಮುಂಚೆ ಅರ್ಧ ಗಂಟೆ ಕೊಡು."

ಆ ಅರ್ಧ ಗಂಟೆಯಲ್ಲಿ ವರ್ಕ್‌ಶಾಪಿಗೆ ಹೋಗಿ ಅಣ್ಣನ ಮುಂದೆ ನಿಂತಳು. "ಐದನೆಯದಕ್ಕೆ 'ಇರಲಿಲ್ಲ' ಅಂತ ಹೋಗ್ತಿದೆ. ಬೇರೆಯವರಿಂದ ಗೊತ್ತಾಗೋದು ಬೇಡ ಅಂತ ಬಂದೆ."

"ನಿನ್ನ ಕೈಯಲ್ಲೇ ಆಗಬೇಕಿತ್ತಾ ಇದು?"

"ಬರೀತಿರೋದು ನಾನಲ್ಲ, ಹುಡುಗಿ. ನಾನು ತಡೀತಿಲ್ಲ, ಅಷ್ಟೇ."

ಅವನು ಕೆಲಸ ನಿಲ್ಲಿಸಲಿಲ್ಲ, ಅರ ಹಿಡಿದು ಕಬ್ಬಿಣ ಉಜ್ಜುತ್ತಲೇ ಇದ್ದ. "ಹೋಗು" ಎಂದ.

ಎಡಚಿಯ ಕಾಗದ ಒಂಬತ್ತು ಸಾಲು. 'ಜಜ್ಜಿದ್ದು ನನ್ನ ಎಡಗೈ. ನಾನು ಎಲ್ಲ ಕೆಲಸವನ್ನೂ ಎಡಗೈಯಲ್ಲೇ ಮಾಡುತ್ತೇನೆ. ಕೈ ಕಂಬದ ಹಿಂದಿನಿಂದ ಹೋಯಿತು, ಪರದೆ ಅದನ್ನು ನೋಡಲೇ ಇಲ್ಲ. ಅಂದು ಎಡಬದಿಯ ಪ್ಲೇಟು ಅದರ ಜಾಗದಲ್ಲಿ ಇರಲಿಲ್ಲ, ಒಂದು ವರ್ಷದಿಂದ ಇರಲಿಲ್ಲ. ಈಗ ಇದೆ.' ಜೊತೆಗೆ ಸಂದಿನದೂ ಪ್ಲೇಟಿನದೂ ಎರಡು ಚಿತ್ರ. ಕೊನೆಗೆ ದುಂಡಗಿನ ಸಹಿಗಳಿರಲಿಲ್ಲ. ಅವಳದೊಂದೇ, ಎಡಕ್ಕೆ ವಾಲಿದ ಅಕ್ಷರದಲ್ಲಿ. ಅರ್ಜಿಯಕ್ಕ ಓದಿದಳು. ಎರಡು ಕಡೆ ಕೈ ತುರಿಸಿತು, ತಿದ್ದಲಿಲ್ಲ.

ಮಾರನೇ ದಿನ ಮಧ್ಯಾಹ್ನಕ್ಕೇ ಉತ್ತರ ಬಂತು, ಪ್ರಿನ್ಸಿಪಾಲರಿಗೂ ಆಡಳಿತ ಮಂಡಳಿಗೂ ಪ್ರತಿ ಸಮೇತ. 'ಈಗ ಅರ್ಥವಾಯಿತು. ಪ್ಲೇಟಿಲ್ಲದೆ ಈ ಯಂತ್ರ ಓಡಿಸಕೂಡದು. ಪುಸ್ತಕದ ಏಳನೇ ಪುಟ ನೋಡಿ. ಯಾವ ಕೈ ಎಂಬುದು ಕಾರಣವಲ್ಲ. ನಮ್ಮ ವಿಭಾಗದ ಹನ್ನೆರಡು ಜನರಲ್ಲಿ ಇಬ್ಬರು ಎಡಗೈಯವರು.'

"ಯಂತ್ರದ್ದು ದೋಷ ಅಂತಲೂ ಇಲ್ವಲ್ಲಮ್ಮ ಇದರಲ್ಲಿ," ಎಂದು ಪ್ರಿನ್ಸಿಪಾಲರು ಕನ್ನಡಕ ಏರಿಸಿದರು.

"ನೀವು ಕೇಳಿದ್ದು ಹುಡುಗೀದು ತಪ್ಪಿಲ್ಲ ಅಂತ. ಇದೆ ನೋಡಿ, ನಾಲ್ಕನೇ ಸಾಲು. ಗಟ್ಟಿಯಾಗಿ ಓದ್ಲಾ, ಹೊರಗಿರೋರಿಗೂ ಕೇಳೋ ಹಾಗೆ?"

ಅಪಘಾತದ ಪುಸ್ತಕದಲ್ಲಿ 'ಎಡಗೈ ಬಳಕೆ' ಹೊಡೆದುಹಾಕಿ ಪಕ್ಕದಲ್ಲಿ 'ಪ್ಲೇಟು ಇಲ್ಲದಿರುವುದು' ಎಂದು ಬಂತು. ಎಡಚಿ ಮರುದಿನವೇ ಪ್ರೆಸ್ ಮುಂದೆ ನಿಂತಳು. ಅದೇ ದಿನ ವರ್ಕ್‌ಶಾಪ್ ಅಣ್ಣನನ್ನು ವಿಚಾರಣೆ ಮುಗಿಯುವವರೆಗೆ ಸ್ಟೋರಿಗೆ ಹಾಕಿದರು. ಎಂಟು ದಿನ ಅವನು ಅಲ್ಲಿ ಕಿಟಕಿಯ ಹಿಂದೆ ಕೂತು ಕೈಗವಸು, ನಟ್ಟು, ಬೋಲ್ಟು ಎಣಿಸಿಕೊಟ್ಟ. ಅರ್ಜಿಯಕ್ಕ ಆ ದಾರಿಯಲ್ಲಿ ಹೋದರೆ ಕಿಟಕಿ ಮುಚ್ಚುತ್ತಿದ್ದ. ಹುಡುಗರು ಗೊತ್ತಿಲ್ಲದವರ ಹಾಗೆ ನಟಿಸಿದರು. ಅವಳು ಬೇಕೆಂದೇ ದಿನಕ್ಕೆ ನಾಲ್ಕು ಸಲ ಆ ದಾರಿ ಹಿಡಿದಳು.

ಪರೀಕ್ಷೆಯ ದಿನ ಒಳಗಿನಿಂದ ಪ್ರೆಸ್ಸಿನ ಏಟು ಕೇಳುತ್ತಿತ್ತು. ಅರ್ಜಿಯಕ್ಕ ಹೊರಗೆ ಸುತ್ತು ಹಾಕುತ್ತಿದ್ದಳು. ಏಟು ತಡವಾದರೆ ನಿಲ್ಲುತ್ತಿದ್ದಳು, ಬಂದರೆ ಮುಂದೆ ನಡೆಯುತ್ತಿದ್ದಳು. ಎಡಚಿ ಹೊರಗೆ ಬಂದು, "ಐವತ್ತರಲ್ಲಿ ಒಂದು ಓರೆ ಆಯ್ತು ಮೇಡಂ" ಎಂದಷ್ಟೇ ಹೇಳಿ ನೀರು ಕುಡಿಯಲು ಹೋದಳು. ಬೆರಳಿನ ತುದಿ ಇನ್ನೂ ನೀಲಿಯಿತ್ತು.

ಸ್ಟೋರಿನ ಕಿಟಕಿ ತೆರೆದಿತ್ತು. ಅಣ್ಣ ಹೊರಗೆ ಬಂದು ಅಂಗಳ ದಾಟಿ ಅವಳ ಮುಂದೆ ಒಂದು ಕಾಗದ ಹಿಡಿದ. ವಿಚಾರಣೆಯವರು ಕಳಿಸಿದ್ದು: ಲಿಖಿತ ವಿವರಣೆ ಕೊಡತಕ್ಕದ್ದು, ಮೂರು ದಿನದೊಳಗೆ.

"ನನಗೆ ಇದೆಲ್ಲ ಬರೆಯೋಕೆ ಬರಲ್ಲ ಅಂತ ನಿನಗೆ ಗೊತ್ತು" ಎಂದ. ಮುಖ ನೋಡಲಿಲ್ಲ.

"ಬಿಚ್ಚು ಅಂತ ಯಾರಾದ್ರೂ ಹೇಳಿದ್ರಾ ನಿನಗೆ?"

"ಯಾರೂ ಹೇಳ್ಲಿಲ್ಲ. ನಾನೇ."

"ಹಾಗೇ ಬರೀತೀನಿ. ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ ಅಂತಲೂ ಬರೀತೀನಿ. ಆಗುತ್ತಾ?"

ಅವನು ಕಾಗದವನ್ನು ಮಡಿಸಿ, ಮತ್ತೆ ಬಿಡಿಸಿದ. "ಮತ್ತೆ ಉಳಿಯೋದೇನು ನನಗೆ?"

"ಒಂದು ಯಂತ್ರಕ್ಕೆ ಮೂವತ್ತನಾಲ್ಕು ಜನ ಅನ್ನೋದು ಉಳಿಯುತ್ತೆ. ಎರಡನೇ ಯಂತ್ರ ಬೇಕು ಅಂತ ಕೇಳಿದ್ಯಾ ನೀನು?"

"ಮೂರು ಸಲ. ಬಾಯಲ್ಲಿ."

"ಬಾಯಲ್ಲಿ!" ಅವಳು ಹಣೆ ಬಡಿದುಕೊಂಡಳು. "ಹದಿನೆಂಟು ವರ್ಷ ನಾನು ಅರ್ಜಿ ಬರೆಯೋದನ್ನ ಪಕ್ಕದಲ್ಲಿ ಕೂತು ನೋಡಿದವನು, ಬಾಯಲ್ಲಿ ಕೇಳಿದೆಯಾ? ಯಾವ ತಿಂಗಳು? ಯಾರ ಮುಂದೆ? ಆಗ ಇನ್ಯಾರಿದ್ರು?"

ಅಣ್ಣ ಮೆಟ್ಟಿಲ ಮೇಲೆ ಕೂತು ನೆನಪು ಮಾಡಿಕೊಳ್ಳಲು ತೊಡಗಿದ. ಒಂದು ಸಲ ಹೇಳಿದ ತಿಂಗಳನ್ನು ಇನ್ನೊಂದು ಸಲ ಬದಲಾಯಿಸಿದ. ಅರ್ಜಿಯಕ್ಕ ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದು, ನಿಂತೇ ಬರೆಯಲು ಶುರುಮಾಡಿದಳು. ಕೆಲಸ ಉಳಿಯುತ್ತದೆ ಎಂದು ಅವಳೂ ಹೇಳಲಿಲ್ಲ, ಅವನೂ ಕೇಳಲಿಲ್ಲ.